ಅಕ್ಕ ಎರಡು ಸಲ ಕೈ ಒತ್ತಿದಳು

ಹೊಸ ಜೀನ್ಸ್ ಬಟ್ಟೆಯ ವಾಸನೆ ಎಲ್ಲಿ ಮೂಗಿಗೆ ಬಡಿದರೂ ರಾಯದುರ್ಗದ ನಮ್ಮ ಎರಡು ಕೋಣೆಯ ಮನೆ ಕಣ್ಣಮುಂದೆ ಬರುತ್ತದೆ. ಗಂಜಿಯ ಒಗರು, ಮಷಿನ್ ಎಣ್ಣೆಯ ಜಿಡ್ಡು, ಬೆರಳಿಗೆ ಅಂಟಿದರೆ ಮೂರು ದಿನ ಬಿಡದ ನೀಲಿ. ಅಪ್ಪ ಹಗಲೆಲ್ಲ ಪ್ಯಾಂಟು ಹೊಲಿದು, ಸಂಜೆ ಶಾಲೆಯ ಬಯಲಿನಲ್ಲಿ ನಮಗೂ ಓಣಿಯ ಹುಡುಗಿಯರಿಗೂ ಕಬಡ್ಡಿ ಕಲಿಸುತ್ತಿದ್ದ. ಅವ್ವ ಒಗ್ಗರಣೆ ಮಂಡಕ್ಕಿ ಮಾಡಿಟ್ಟು ಕಾಯುತ್ತಿದ್ದಳು. ಆ ಮನೆ ಕೆಡವಿ ಈಗ ಮೊಬೈಲ್ ಅಂಗಡಿ ಕಟ್ಟಿದ್ದಾರೆ. ನಿಮ್ಮದೂ ಹೀಗೇ ಒಂದು ಮನೆ ಹೋಗಿರುತ್ತದೆ, ನಿಮಗೆ ಬಿಡಿಸಿ ಹೇಳುವುದೇನು.

ಯಾರು ಕಾಲು ಹಿಡಿಯಬೇಕು, ಯಾರು ಸೊಂಟಕ್ಕೆ ಬೀಳಬೇಕು ಎಂಬುದನ್ನೆಲ್ಲ ಅಪ್ಪನೇ ಹೇಳುವವನು. "ನಾ ಹೇಳಿದ್ದೇ ಆಟ. ಅಂಕಣದಾಗ ಸ್ವಂತ ಬುದ್ಧಿ ಬ್ಯಾಡ" ಎನ್ನುತ್ತಿದ್ದ. ಆದರೆ ನಮ್ಮ ಕ್ಯಾಪ್ಟನ್ ಗೌರಕ್ಕ, ನನ್ನ ಒಡಹುಟ್ಟಿದವಳು, ರೈಡರ್ ಹಿಮ್ಮಡಿ ಊರುವುದನ್ನು ನೋಡಿಯೇ ಅವಳು ಎತ್ತ ತಿರುಗುತ್ತಾಳೆಂದು ತಿಳಿಯುತ್ತಿದ್ದಳು. ಕೈ ಕೈ ಹಿಡಿದು ನಿಲ್ಲುತ್ತೇವಲ್ಲ, ಆಗ ಪಕ್ಕದವಳ ಅಂಗೈ ಒಂದು ಸಲ ಒತ್ತಿದರೆ ಅಪ್ಪ ಹೇಳಿದಂತೆ ಆಡು. ಎರಡು ಸಲ ಒತ್ತಿದರೆ ಅದನ್ನು ಬಿಟ್ಟು ಹಿಂದೆ ಸರಿ. ಹೀಗೆ ಬದಲಿಸಿ ಬದಲಿಸಿ ಗೆಲ್ಲಿಸಿದವಳು ಅಕ್ಕ, ಹೊಗಳಿಕೆ ಮಾತ್ರ ಅಪ್ಪನಿಗೆ.

ಅಕ್ಕ ಕಾಲೇಜಿನಲ್ಲಿ ಇಂಟರ್ ಮುಗಿಸಿದ ವರ್ಷ ಮಡಕಶಿರಾದಲ್ಲಿ ಪಂದ್ಯ. ಗೆದ್ದರೆ ಅವಳನ್ನು ಕ್ರೀಡಾ ಹಾಸ್ಟೆಲಿಗೆ ಕಳಿಸುತ್ತೇನೆ, ಸೋತರೆ ಮದುವೆ ಎಂದಿದ್ದ ಅಪ್ಪ. ಎದುರಾಳಿಗಳ ಕೊನೆಯ ರೈಡ್, ನಾವು ಒಂದು ಪಾಯಿಂಟ್ ಮುಂದೆ. ಬಂದವಳು ಯಾರನ್ನೂ ಮುಟ್ಟದೆ ಬರಿಗೈಲಿ ಹೋದರೆ ಸಾಕು, ಗೆಲುವು ನಮ್ಮದು. ಅಕ್ಕ ನನ್ನ ಕೈ ಎರಡು ಸಲ ಒತ್ತಿದಳು. ಅಷ್ಟರಲ್ಲಿ ಗೆರೆಯಾಚೆಯಿಂದ ಅಪ್ಪ "ಕಾಲು ಹಿಡೀ ಲೇ!" ಎಂದು ಕೂಗಿದ. ನನ್ನ ಕೈಗೆ ಹಾವು ಕಚ್ಚಬಾರದಿತ್ತೇ! ಹೋಗಿ ಹಿಡಿದೆ. ಆ ರೈಡರ್ ನನ್ನನ್ನು ಎಳೆದುಕೊಂಡೇ ಹೊರಟಳು. ನೆರವಿಗೆ ಬಂದ ಅಕ್ಕನೂ ಇನ್ನೊಬ್ಬಳೂ ಅವಳ ಮೈಮೇಲೆ ಬಿದ್ದರೂ ಅವಳ ಕೈ ಗೆರೆ ಮುಟ್ಟಿತ್ತು. ಮೂರು ಪಾಯಿಂಟ್ ಅವರಿಗೆ ಹೋಯಿತು, ನಾವು ಸೋತೆವು. "ಇವಳೊಬ್ಬಳು ನನ್ನ ಮಾತು ಕೇಳಿದ್ಲು ನೋಡ್ರಿ" ಎಂದು ಅಪ್ಪ ನನ್ನ ಬೆನ್ನು ತಟ್ಟಿದ. ತಾನು ಬೇಡವೆಂದು ಒತ್ತಿದ್ದನ್ನು ಅಕ್ಕ ಯಾರಿಗೂ ಹೇಳಲಿಲ್ಲ.

ಆ ಬೇಸಿಗೆಯಲ್ಲೇ ಅವಳನ್ನು ಡಿ. ಹಿರೇಹಾಳಿಗೆ ಕೊಟ್ಟರು. ಗಂಡ ಒಳ್ಳೆಯವನೂ ಅಲ್ಲ, ಕೆಟ್ಟವನೂ ಅಲ್ಲ. ಬಳ್ಳಾರಿ ಕಡೆ ಕೂಲಿಗೆ ಹೋಗಿ ಬರುವುದರಲ್ಲೇ ಅಕ್ಕ ಸವೆದುಹೋದಳು. ಹೋದ ವರ್ಷ ಅಪ್ಪ ತೀರಿಕೊಂಡ ಮೇಲೆ ನನಗೆ ತಡೆಯಲಾಗಲಿಲ್ಲ. ಅವಳ ಮನೆಗೆ ಹೋಗಿ, "ನಿನ್ನ ಬಾಳು ಹಾಳು ಮಾಡಿದವಳು ನಾನೇ" ಎಂದು ಅತ್ತುಬಿಟ್ಟೆ.

ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದ ಅಕ್ಕ ತಲೆ ಎತ್ತಲಿಲ್ಲ. "ಹುಚ್ಚಿ, ಪಂದ್ಯಕ್ಕ ಹೋಗೋಕಿಂತ ಮುಂಚೇನ ಅಪ್ಪ ಹಿರೇಹಾಳಿನವ್ರಿಗೆ ಮಾತು ಕೊಟ್ಟಿದ್ದ. ಎಲಿ-ಅಡಕಿನೂ ಆಗಿತ್ತು. ಅವ್ವ ನನಗ ಹೇಳಿದ್ಲು."

ಎಷ್ಟೋ ವರ್ಷದ ಭಾರ ಒಂದು ಗಳಿಗೆ ಎದೆಯಿಂದ ಇಳಿಯಿತು. "ಗೊತ್ತಿದ್ದೂ ಯಾಕ ಅಷ್ಟು ಜೀವ ಬಿಟ್ಟು ಆಡಿದಿ?"

"ಗೆದ್ದು ಬಂದ್ರ ಅಪ್ಪಗ ನನ್ನ ಮುಖ ನೋಡಿ ನಾಚಿಕಿ ಬಂದೀತು, ಕಳಿಸ್ಯಾನು ಅನಕಂಡಿದ್ದೆ."

ಬರುತ್ತಿತ್ತೋ ಇಲ್ಲವೋ, ಕೇಳೋಣವೆಂದರೆ ಅಪ್ಪ ಮಣ್ಣಾಗಿದ್ದ.