ರಾಜನಿಲ್ಲದ ಪಟ್ಟದ ಗೊಂಬೆ

ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ನ ಈ ಮನೆಯಲ್ಲಿ ತಂಗಿ ಮೊದಲ ಸಲ ದಸರಾ ಗೊಂಬೆ ಕೂರಿಸುತ್ತಿದ್ದಾಳೆ. ಅದಕ್ಕೆಂದೇ ನಾನು ಮೈಸೂರಿನಿಂದ ಪಟ್ಟದ ರಾಜ ರಾಣಿಯರನ್ನು ತಂದೆ. ಬೆಳಿಗ್ಗೆ ಸೂಟ್‌ಕೇಸ್ ಬಿಚ್ಚಿದರೆ ರಾಣಿ ಒಬ್ಬಳೇ! ಹುಳಿಪುಡಿಗೆ ಜಾಗ ಮಾಡುವಾಗ ರಾಜನನ್ನು ಮಂಚದ ಮೇಲಿಟ್ಟವಳು ಅಲ್ಲೇ ಮರೆತು ಬಂದಿದ್ದೇನೆ.

"ಜೋಡಿ ಇಲ್ದೆ ಹೇಗಕ್ಕಾ ಕೂರ್ಸೋದು?" ತಂಗಿಯ ಕಣ್ಣು ತುಂಬಿತು.

ಅವಳ ಹತ್ತು ವರ್ಷದ ಮಗಳು ಶಾಲೆಯಲ್ಲಿ ರಷ್ಯಾದ ಮಹಾರಾಣಿ ಕ್ಯಾಥರೀನಳ ಪಾಠ ಓದುತ್ತಿದ್ದಾಳೆ. ಗಂಡನನ್ನು ಸಿಂಹಾಸನದಿಂದ ಇಳಿಸಿ, ಮೂವತ್ತನಾಲ್ಕು ವರ್ಷ ತಾನೇ ಆಳಿದವಳಂತೆ. ಹುಡುಗಿ ನಮ್ಮ ರಾಣಿಗೆ ಹತ್ತಿಯ ಬಿಳಿ ತುಪ್ಪಳ ಹೊದಿಸಿ, ಮೇಲಿನ ಮೆಟ್ಟಿಲ ನಟ್ಟನಡುವೆ ನಿಲ್ಲಿಸಿಯೇಬಿಟ್ಟಳು.

ಸಂಜೆ, ಇದೇ ಊರಲ್ಲಿ ನೆಲೆಸಿರುವ ಧಾರವಾಡದ ಡಾಕ್ಟರ್ ಅಂಕಲ್ ಹೆಂಡತಿಯನ್ನು ಅರಿಸಿನ ಕುಂಕುಮಕ್ಕೆ ಕರೆತಂದರು. ಗೊಂಬೆ ನೋಡಿ, "ರಾಜಾ ಎಲ್ಲಿ ಹೋದನವ್ವಾ?" ಎಂದರು.

"ಶಿ ಫೈರ್ಡ್ ಹಿಮ್, ಅಂಕಲ್!" ಎಂದಳು ಹುಡುಗಿ.

ತಂಗಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಹೋದ ವಾರವಷ್ಟೇ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿದ್ದ ಆಂಟಿ ಮಾತ್ರ ನಗಲಿಲ್ಲ. ಮಹಾರಾಣಿಯ ಹಣೆಗೆ ಕುಂಕುಮವಿಟ್ಟು, ಗಂಡನತ್ತ ಕೈ ಚಾಚಿದರು.

"ಕಾರಿನ ಕೀಲಿ ಕೊಡ್ರಿ. ಇವತ್ತ ನಾ ಡ್ರೈವ್ ಮಾಡ್ತೀನಿ."