ತರೀಕೆರೆ ಫೈನಲ್ಲೂ ನಮ್ಮ ಹೊಲಿಗೆ ಟೀಚರೂ

ನಮ್ಮ ಹೊಲಿಗೆ ಟೀಚರ ಎಡಗೈ ತೋರುಬೆರಳ ತುದಿ ಸೂಜಿ ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಜರಡಿಯ ಹಾಗಾಗಿತ್ತು. ಆ ಬೆರಳೆತ್ತಿ "ಲೇ ಹುಡುಗೀರಾ" ಅಂದರೆ ಅಜ್ಜಂಪುರದ ನಮ್ಮ ಹೈಸ್ಕೂಲಿನ ಗಲಾಟೆಯೆಲ್ಲ ಗಪ್‌ಚಿಪ್. ಕುಳ್ಳಗೆ, ದಪ್ಪಗೆ ಇದ್ದರು. ಆದರೆ ನಡಿಗೆ ನೋಡಬೇಕಿತ್ತು, ರೈಲು ತಪ್ಪಿಹೋಗುತ್ತೆ ಅನ್ನೋ ಹಾಗೆ! ಹೊಲಿಗೆ ಕೋಣೆಯ ಮೂಲೆಗೆ ಹಳೇ ಸೀರೆಯ ಪರದೆ ಕಟ್ಟಿ, ಒಳಗೆ ಒಂದು ಬಕೆಟ್ ನೀರು, ಸೋಪು, ಹಳೇ ಪಂಚೆ ಹರಿದು ಹೊಲಿದ ಮುಟ್ಟಿನ ಪ್ಯಾಡುಗಳ ಡಬ್ಬ ಇಟ್ಟಿದ್ದರು. "ನನ್ನ ಕೇಳೋದೇನೂ ಬೇಡ, ಹೋಗಿ ಬದಲಾಯಿಸ್ಕೊಂಡು ಬನ್ನಿ" ಅನ್ನುವರು. ಎಪ್ಪತ್ತರ ದಶಕದ ಕೊನೆ ಅದು. ಬೇರೆ ಯಾವ ಸ್ಕೂಲಲ್ಲೂ ಇಂಥದ್ದನ್ನು ನಾನು ಕೇಳಿರಲಿಲ್ಲ.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮ ಖೋಖೋ ಟೀಮು ಫೈನಲ್‌ಗೆ ಬಂತು. ಆಟ ತರೀಕೆರೆಯಲ್ಲಿ. ಅಬ್ಬಾ, ಆ ವಾರವಿಡೀ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಿಂದಿನ ದಿನ ನೋಡಿದರೆ ಮುಟ್ಟಾಗಿ ಹೊರಗೆ ಕೂತೆ! ಅಮ್ಮ ಖಡಾಖಂಡಿತವಾಗಿ ಬೇಡ ಅಂದಳು. ಅವಳದೂ ತಪ್ಪಲ್ಲ. ಹೋದ ತಿಂಗಳು ಬಟ್ಟೆ ತೊಡೆಗೆಲ್ಲ ಉಜ್ಜಿ ಗಾಯವಾಗಿ, ತುರಿಕೆ ಎದ್ದು, ಎರಡು ದಿನ ಸರಿಯಾಗಿ ನಡೆಯೋಕೂ ಆಗಿರಲಿಲ್ಲ.

ಸುದ್ದಿ ಕೇಳಿ ಟೀಚರ್ ಸಂಜೆ ಮನೆಗೇ ಬಂದುಬಿಟ್ಟರು. "ಬಟ್ಟೆ ಎಲ್ಲಿ ಒಣಗಿಸ್ತೀರಮ್ಮ?" ಅಂದರು.

ಅಮ್ಮ ನಾಚಿಕೊಂಡೇ ಬಚ್ಚಲ ಹಿಂದಿನ ಸೌದೆ ರಾಶಿ ತೋರಿಸಿದಳು. ಗಂಡಸರ ಕಣ್ಣಿಗೆ ಬೀಳಬಾರದು ಅಂತ ಎಲ್ಲರ ಮನೆಯಲ್ಲೂ ಅಂಥದೇ ಜಾಗ. ಟೀಚರ್ ಒಂದು ಬಟ್ಟೆ ಎಳೆದು ಮೂಸಿದರು.

"ಒಣಗೇ ಇಲ್ವಲ್ರೀ! ಹಸೀದನ್ನ ಕಟ್ಕೊಂಡು ಓಡಿದ್ರೆ ತೊಡೆ ಉಳಿಯುತ್ತಾ? ಚೆನ್ನಾಗಿ ಒಗೆದು ಬಿಸಿಲಿಗೆ ಹಾಕಿ."

"ಬೀದೀಲಿ ಹೋಗೋ ಗಂಡಸ್ರು ನೋಡಿದ್ರೆ?"

"ನೋಡ್ಲಿ ಬಿಡಿ. ಅವರನ್ನ ಹೆತ್ತೋರೂ ಇದನ್ನೇ ಒಗೆದಿದ್ದು."

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಕ್ಕಮೇಲೆ ಇನ್ನೇನು, "ಕರ್ಕೊಂಡ್ಹೋಗಿ" ಅಂದಳು.

ಬೆಳಗ್ಗೆ ಬಸ್ಸು ಹತ್ತೋಕೆ ಮುಂಚೆ ಟೀಚರ್ ನನ್ನೆದುರಿಗೆ ಎರಡು ಬಗೆಯ ಪ್ಯಾಡು ಇಟ್ಟರು. ಒಂದು ತಾವೇ ಹೊಲಿದ ಬಟ್ಟೇದು, ಇನ್ನೊಂದು ಮೆಡಿಕಲ್ ಷಾಪಿನದು, ಪೇಪರಲ್ಲಿ ಸುತ್ತಿದ್ದು. "ಯಾವುದು ಹಿತವೋ ಅದನ್ನ ತಗೋ." ನಾನು ಬಿಡ್ತೀನಾ, ಷಾಪಿನದನ್ನೇ ತಗೊಂಡೆ.

ಅರ್ಧ ಆಟ ಮುಗಿದಾಗ ನಾವು ಎರಡು ಪಾಯಿಂಟು ಹಿಂದೆ. ಟೀಚರ್ ನನ್ನ ರಟ್ಟೆ ಹಿಡಿದರು. "ಬದಲಾಯಿಸ್ಕೋ ನಡಿ."

"ಇದು ಷಾಪಿಂದು ಟೀಚರ್, ಸಂಜೇವರೆಗೂ ಬರುತ್ತೆ!"

"ಯಾರೇ ಹೇಳಿದ್ದು? ಷಾಪಿಂದಾದ್ರೂ ನಾಲ್ಕೈದು ಗಂಟೆ ಅಷ್ಟೇ ಕಣೇ. ನೆಂದದ್ದು ಉಜ್ಜದೆ ಬಿಡುತ್ತಾ?"

ಅಲ್ಲಿನ ಸ್ಕೂಲಿನ ಒಂದು ಕೋಣೆಗೆ ನನ್ನ ತಳ್ಳಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಹೊರಗೆ ಸೀಟಿ ಊದಿದರು. ನಾನು ಹಾಗೇ ಹೊರಗೆ ಓಡಲು ಹೋದೆ. "ಕೈ ತೊಳ್ಕೊಂಡು ಬಾ, ಆಟ ಎಲ್ಲೂ ಓಡಿಹೋಗಲ್ಲ" ಅಂತ ಗದರಿದರು. ಆಮೇಲೆ ನನಗಿಂತ ಮುಂದೆ ಅವರೇ ಮೈದಾನಕ್ಕೆ ಓಡಿದರು.

ಕೊನೇ ನಿಮಿಷದಲ್ಲಿ ಕಂಬದ ಹತ್ತಿರ ಡೈವ್ ಹೊಡೆದು ಎದುರು ಟೀಮಿನ ಒಳ್ಳೇ ಆಟಗಾರ್ತಿಯನ್ನು ಔಟ್ ಮಾಡಿದೆ. ಗೆದ್ದೆವು! ಒಂದೇ ಪಾಯಿಂಟಲ್ಲಿ ಗೆದ್ದೆವು! ಟೀಚರ್ ಎಲ್ಲರೆದುರಿಗೆ ಕುಣಿದೇಬಿಟ್ಟರು.

ಅವರು ಕಡೂರಿಗೆ ವರ್ಗವಾಗಿ, ಅಲ್ಲೇ ತೀರಿಕೊಂಡರು. ನನಗೆ ತಿಳಿದದ್ದು ತಿಂಗಳ ಮೇಲೆ, ಕೂತು ಅತ್ತೆ. ಅವರಿಗೊಂದು ಮಾತು ಹೇಳಬೇಕಿತ್ತು, ಹೇಳಲೇ ಇಲ್ಲ: ಆವತ್ತು ಓಡುವಾಗ ನಾನು ಮುಟ್ಟಾಗಿದ್ದೇನೆ ಅನ್ನೋದೇ ನನಗೆ ಮರೆತುಹೋಗಿತ್ತು.