ಬರೆದದ್ದನ್ನು ಓದಿ ಕೇಳಿಸುವ ವಿಜೇತಾ

ಬೆಳಗಿನ ಐದೂವರೆ. ತೋಡಾರಿನ ಮನೆಯ ಅಡುಗೆಕೋಣೆಯಲ್ಲಿ ಅಮ್ಮಣ್ಣಿ ಮೆಟ್ಟುಕತ್ತಿಯ ಮೇಲೆ ಕೂತು ಸೌತೆಕಾಯಿ ಹೆಚ್ಚುತ್ತಿದ್ದಾರೆ. ಎದುರಿಗೆ ಮಗಳು ವಿಜೇತಾ. ಮೂಗಿನ ತುದಿಯಲ್ಲಿ ಕನ್ನಡಕ, ಕೈಯಲ್ಲಿ ನಾಲ್ಕು ಹಾಳೆ. ಯಾರ ಹೆಸರು, ಯಾವ ಊರು ಎಂಬುದನ್ನು ಬಾಯಿಬಿಡದೆ ಒಂದೇ ಒಂದು ವಾಕ್ಯ ಓದುತ್ತಾರೆ: "ಸದರಿ ವ್ಯಕ್ತಿಯ ಭಾವನಾತ್ಮಕ ಸ್ಪಂದನೆಯು ಸಂದರ್ಭೋಚಿತವಾಗಿರುತ್ತದೆ."

"ಎಂತ ಅದು, ಮಂತ್ರವಾ?" ಅಮ್ಮಣ್ಣಿಯ ಕೈ ನಿಲ್ಲುವುದಿಲ್ಲ.

"ಅಳುವಾಗ ಅಳ್ತಾರೆ, ನಗುವಾಗ ನಗ್ತಾರೆ ಅಂತ ಅಮ್ಮ."

"ಹಾಗೇ ಬರಿ. ಅಷ್ಟಕ್ಕೆ ಇಷ್ಟುದ್ದ ಯಾಕೆ?"

ವಿಜೇತಾ ನಗುತ್ತಾ ಗೀಟು ಎಳೆಯುತ್ತಾರೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ, ಎಪ್ಪತ್ತೆಂಟರ ಅಮ್ಮಣ್ಣಿಗೆ ಅರ್ಥವಾಗದ ವಾಕ್ಯ ಬಂಟ್ವಾಳದ ಕೋರ್ಟಿನ ಮೆಟ್ಟಿಲನ್ನಾಗಲಿ, ಬೆಳ್ತಂಗಡಿಯದ್ದನ್ನಾಗಲಿ ಹತ್ತುವಂತಿಲ್ಲ. ಇದು ಈ ಮನೆಯ ಕಾನೂನು.

ನಲವತ್ತಾರರ ವಿಜೇತಾ ಮನಃಶಾಸ್ತ್ರಜ್ಞೆ. ಮಧ್ಯಾಹ್ನದವರೆಗೆ ಮೂಡುಬಿದಿರೆಯ ಕಾಲೇಜೊಂದರಲ್ಲಿ ಆಪ್ತಸಲಹೆಗಾರ್ತಿ. ಹೊಟ್ಟೆಪಾಡು ಅಲ್ಲಿ, ಜೀವ ಇರುವುದು ಮಾತ್ರ ಈ ಹಾಳೆಗಳಲ್ಲಿ. ಆರೋಪಿಗೆ ವಿಚಾರಣೆ ಅರ್ಥವಾಗುತ್ತದೆಯೇ, ಮಗು ಯಾರ ಜೊತೆಗಿದ್ದರೆ ಕ್ಷೇಮ, ಇಂಥ ಪ್ರಶ್ನೆ ಎದ್ದಾಗ ನ್ಯಾಯಾಲಯ ಇವರಿಂದ ವರದಿ ಕೇಳುತ್ತದೆ. ಹನ್ನೊಂದು ವರ್ಷದಲ್ಲಿ ಮುನ್ನೂರು ಚಿಲ್ಲರೆ ವರದಿ. ಒಂದೊಂದಕ್ಕೂ ಕಡಿಮೆಯೆಂದರೆ ನಾಲ್ಕು ಭೇಟಿ, ಪ್ರತಿ ಭೇಟಿಗೂ ಎರಡು ಮೂರು ಬಸ್ಸು. ತೀರ್ಪಿನ ಸುದ್ದಿಯಲ್ಲಿ ವಕೀಲರ ಹೆಸರು ಬರುತ್ತದೆ, ಇವರದ್ದು ಇದುವರೆಗೆ ಬಂದದ್ದಿಲ್ಲ.

ಊರವರ ಬಾಯಲ್ಲಿ ಇವರು "ಮರ್ಲಿನ ಡಾಕ್ಟ್ರು", ಅಂದರೆ ಹುಚ್ಚಿಗೆ ಮದ್ದು ಕೊಡುವವರು. ಕೆಲವು ಮನೆಗಳಲ್ಲಿ ಕುರ್ಚಿ ಕೊಡುವುದಿಲ್ಲ. ಇನ್ನು ಕೆಲವು ಕಡೆ ಉಪಚಾರವೇ ಅತಿ, ಚಹಾದ ಜೊತೆ ತಟ್ಟೆ ತುಂಬ ಹಲ್ವ ಬರುತ್ತದೆ. "ನಾನು ನೀರು ಮಾತ್ರ ಕುಡಿಯುವುದು. ಹಲ್ವ ತಿಂದ ಕೈಯಲ್ಲಿ ಪೆನ್ನು ಜಾರ್ತದೆ" ಎನ್ನುತ್ತಾರೆ.

ಅವರ ವರದಿಗೆ ಮೂರು ಭಾಗ. "ಕಂಡದ್ದು, ಅವರು ಹೇಳಿದ್ದು, ನನಗೆ ಅನಿಸಿದ್ದು. ಮೂರನ್ನೂ ಒಟ್ಟಿಗೆ ಕಲಸಿದ್ರೆ ಅದು ವರದಿ ಅಲ್ಲ, ಸಾಂಬಾರು." ಕಳಿಸುವ ಮುಂಚೆ ಮೊದಲೆರಡು ಭಾಗಗಳನ್ನು ಸಂಬಂಧಪಟ್ಟವರ ಎದುರು ಕೂತು ತುಳುವಿನಲ್ಲಿ ಓದಿ ಹೇಳುತ್ತಾರೆ. ಹೀಗೆ ಮಾಡಬೇಕೆಂದು ಯಾರೂ ಅವರಿಗೆ ಹೇಳಿಲ್ಲ. "ನನಗೆ ಅನಿಸಿದ್ದು ಕೋರ್ಟಿಗೆ. ಉಳಿದದ್ದು ಅವರದ್ದೇ ಬದುಕು ಅಲ್ವಾ? ಅವರು ಕೇಳ್ಬೇಕು."

ಆ ಅಭ್ಯಾಸ ಎಷ್ಟು ದೊಡ್ಡದೆಂದು ಅವರಿಗೇ ತಿಳಿದದ್ದು ಮಡಂತ್ಯಾರಿನ ಕಡೆಯ ವಿಸ್ಮಿತಾಳ ಪ್ರಕರಣದಲ್ಲಿ. ಇಲ್ಲಿ ಕೊಟ್ಟ ಹೆಸರು ಅವಳದ್ದಲ್ಲ; ಕಥೆ ಬರೆಯಬಹುದು ಎಂದು ಒಪ್ಪಿಗೆ ಕೊಟ್ಟವಳು ಅವಳೇ. ಹೊಲಿಗೆ ಅವಳ ಕಸುಬು. ಮೂರು ವರ್ಷದ ಮಗ ಜ್ವರದಲ್ಲಿ ತೀರಿಕೊಂಡ. ಆಮೇಲೆ ಗಂಡ ಹೆಂಡತಿ ಬೇರೆಯಾದರು. ಆರು ವರ್ಷದ ಮಗಳು ಸುರಕ್ಷಾಳನ್ನು ತನಗೆ ಕೊಡಿಸಬೇಕೆಂದು ಗಂಡ ಕೋರ್ಟಿಗೆ ಹೋದ: ಹೆಂಡತಿಯ ತಲೆ ಸರಿಯಿಲ್ಲ, ಸತ್ತ ಮಗನಿಗೆ ಅನ್ನ ಬಡಿಸುತ್ತಾಳೆ.

ಕೋರ್ಟು ವರದಿ ಕೇಳಿತು; ಕಾಲೇಜಿಗೆ ರಜೆ ಹಾಕಿ ವಿಜೇತಾ ಹೋದರು. ಬೆಳಿಗ್ಗೆ ತಾಯಿ ಮಗಳ ಜಡೆ ಹೆಣೆಯುವುದು, ಬುತ್ತಿ ಕಟ್ಟುವುದು, ಮಗ್ಗಿ ಹೇಳಿಸುವುದು ಎಲ್ಲವನ್ನೂ ನೋಡಿದರು. ಬಡಿಸುವ ವಿಚಾರ ಕೇಳಿದಾಗ ವಿಸ್ಮಿತಾ "ಉಂಟು" ಎಂದಳು. ತೀರಿಕೊಂಡವರಿಗೆ ಹಬ್ಬದ ದಿನ ಒಂದು ಎಲೆ ಹಾಕಿ ಬಡಿಸುವುದು ಈ ಸೀಮೆಯ ಮನೆಮನೆಯ ಪದ್ಧತಿ. ಆಷಾಢದ ಹೊತ್ತಿನ ಆಟಿ ತಿಂಗಳಲ್ಲಿ ವಿಜೇತಾರ ಮನೆಯಲ್ಲೂ ಅಪ್ಪನಿಗೆ ಬಡಿಸುತ್ತಾರೆ. ಗೊತ್ತಿದ್ದದ್ದೇ ಎಂದು ಮುಂದೆ ಕೇಳಲಿಲ್ಲ. "ಹಬ್ಬದ ದಿನಗಳಲ್ಲಿ ಪದ್ಧತಿಯಂತೆ ಬಡಿಸುತ್ತಾರೆ" ಎಂದು ಬರೆದುಬಿಟ್ಟರು.

ಓದಿ ಹೇಳುವ ದಿನ ವಿಸ್ಮಿತಾ ಹೊಲಿಗೆ ಯಂತ್ರ ನಿಲ್ಲಿಸಿದಳು. "ಹಬ್ಬಕ್ಕೆ ಅಂತ ನಾನು ಹೇಳಿಲ್ಲ ಮೇಡಂ. ದಿನಾ ಬಡಿಸ್ತೇನೆ. ಎರಡು ವರ್ಷ ಆಯ್ತು."

ವಿಜೇತಾ ಹಾಳೆ ಕೆಳಗಿಟ್ಟರು. ಇವಳು ಸುಮ್ಮನಿದ್ದರೆ ಮಗಳು ಇವಳಿಗೇ ಉಳಿಯುತ್ತಿದ್ದಳು. "ಹೇಳದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ ಅಲ್ವಾ?" ಎಂದು ಕೇಳಿಯೇಬಿಟ್ಟರು. ಕೇಳಬಾರದಿತ್ತು ಎಂದು ಈಗಲೂ ನಾಚಿಕೊಳ್ಳುತ್ತಾರೆ.

"ಸುರಕ್ಷಾಳಿಗೆ ಗೊತ್ತುಂಟಲ್ಲ ಮೇಡಂ. ನಾಳೆ ಯಾರಾದ್ರೂ ಕೇಳಿದ್ರೆ ಅವಳು ನನಗೋಸ್ಕರ ಸುಳ್ಳು ಹೇಳ್ಬೇಕಾಗ್ತದೆ. ಅದು ಬೇಡ."

ವಿಜೇತಾ ಆ ಹಾಳೆಯನ್ನು ಹೊಡೆದುಹಾಕಿ ಮತ್ತೆರಡು ಸಲ ಹೋದರು. ಭಾನುವಾರ ಮಧ್ಯಾಹ್ನದ ಊಟದ ಹೊತ್ತಿಗೆ ಮೂಲೆಯಲ್ಲಿ ಕೂತರು. ದೊಡ್ಡ ತಟ್ಟೆ ಎರಡು, ಸಣ್ಣದು ಒಂದು. "ಅವನಿಲ್ಲ ಅಂತ ಗೊತ್ತುಂಟು" ಎಂದಳು ವಿಸ್ಮಿತಾ. "ಊಟಕ್ಕೆ ಅವನ ತಟ್ಟೆಯೂ ತೆಗೀತೇನೆ, ತಿರುಗಿ ಒಳಗೆ ಇಡ್ಲಿಕ್ಕೆ ಕೈ ಬರುವುದಿಲ್ಲ." ಆ ಅನ್ನ ಏನಾಗುತ್ತದೆ ಎಂದು ಕೇಳಿದ್ದಕ್ಕೆ ಉತ್ತರ ಸುರಕ್ಷಾಳಿಂದ ಬಂತು: "ತಮ್ಮನದ್ದು ನಾವಿಬ್ಬರೂ ಪಾಲು ಮಾಡ್ತೇವೆ. ಮೀನು ಇದ್ರೆ ಮೀನು ನನಗೆ!"

ಇದೆಲ್ಲ ತಾರೀಖಿನ ಸಮೇತ ವರದಿಗೆ ಹೋಯಿತು. ಮೊದಲ ಕರಡಿನಲ್ಲಾದ ತಪ್ಪು, ಅದನ್ನು ತಾಯಿಯೇ ತಿದ್ದಿದ್ದು, ಅದೂ ಹೋಯಿತು. ಕೊನೆಯ ಭಾಗದಲ್ಲಿ ನಾಲ್ಕೇ ಸಾಲು: ಇದು ದುಃಖ, ಭ್ರಮೆಯಲ್ಲ. ಮಗ ಇಲ್ಲವೆಂಬ ಅರಿವು ತಾಯಿಗಿದೆ. ಮಗಳ ಊಟ, ಶಾಲೆ, ನಿದ್ದೆಗೆ ಇದರಿಂದ ಕೊರತೆಯಾದದ್ದು ಕಂಡಿಲ್ಲ. ತಾಯಿಗೆ ಆಪ್ತಸಲಹೆ ಸಿಕ್ಕರೆ ಒಳ್ಳೆಯದು.

ಗಂಡನ ಪರವಾಗಿದ್ದ ವಕೀಲ ಹಸೈನಾರ್ ಬಂಟ್ವಾಳದ ಕೋರ್ಟಿನಲ್ಲಿ ಆ ತಪ್ಪನ್ನೇ ಹಿಡಿದರು. "ತಪ್ಪು ನನ್ನದು" ಎಂದರು ವಿಜೇತಾ. "ನಮ್ಮ ಮನೆಯ ಪದ್ಧತಿಯನ್ನು ಅವರ ಬಾಯಿಗೆ ಹಾಕಿದ್ದೆ." ಹಸೈನಾರ್ ಈಗ ನೆನೆದು ನಗುತ್ತಾರೆ: "ಅವರೇ ಬರೆದು ಒಪ್ಪಿದ ಮೇಲೆ ನಾನು ಎಂತ ಕೇಳುವುದು ಮಾರಾಯ್ರೆ? ಕೂತುಬಿಟ್ಟೆ." ತಟ್ಟೆಯ ಮಾತನ್ನು ಓದುವಾಗ ಗಂಡ ತಲೆ ಎತ್ತಲಿಲ್ಲವಂತೆ. ಮಗ ಅವನದ್ದೂ ತಾನೇ, ಪಾಪ.

ಸುರಕ್ಷಾ ತಾಯಿಯ ಬಳಿಯೇ ಉಳಿದಳು. ಅಪ್ಪನಿಗೆ ಭಾನುವಾರಗಳು ಸಿಕ್ಕವು.

ಇಷ್ಟು ವರ್ಷದ ದುಡಿಮೆಯಲ್ಲಿ ಹೆಮ್ಮೆ ಎನಿಸಿದ್ದು ಯಾವುದು ಎಂದರೆ ವಿಜೇತಾ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾರೆ. ಆಮೇಲೆ, ಪ್ರಕರಣ ಮುಗಿದು ತಿಂಗಳಾದ ಮೇಲೆ ವಿಸ್ಮಿತಾ ಫೋನು ಮಾಡಿ ಹೇಳಿದ್ದನ್ನು ಮೆಲ್ಲಗೆ ಹೇಳುತ್ತಾರೆ:

"ಕೋರ್ಟಿನ ಕಾಗದ ಎಲ್ಲ ಓದಿದೆ ಮೇಡಂ. ಗಂಡನ ಕಡೆಯವರು ಬರೆದದ್ದರಲ್ಲಿ ಒಬ್ಬಳು ಹುಚ್ಚಿ ಇದ್ದಳು. ನಮ್ಮ ವಕೀಲರು ಬರೆದದ್ದರಲ್ಲಿ ಒಬ್ಬಳು ದೇವತೆ ಇದ್ದಳು. ನಿಮ್ಮದರಲ್ಲಿ ಮಾತ್ರ ನಾನಿದ್ದೆ."